ಬ್ಯಾಕಪ್‌ನಲ್ಲಿರುವ ಕಡತಗಳನ್ನು ಪಟ್ಟಿ ಮಾಡುವ ಹಾಗೂ ಮರಳಿ ಪಡೆಯುವ ವಿಧಾನ

ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ಸ್ಕ್ಯಾನ್ ಮಾಡಿದ ದಾಖಲೆಗಳನ್ನು, ಸ್ವೀಕೃತಿ ಪತ್ರಗಳನ್ನು ಹಾಗೂ ಅರ್ಜಿಯ ಕರಡುಗಳನ್ನು ತಮ್ಮ ಗಣಕಯಂತ್ರದಲ್ಲಿ ಇರಿಸಿಕೊಳ್ಳುವುದು ಸಾಮಾನ್ಯ. ಇಂತಹ ಕಡತಗಳ ಬ್ಯಾಕಪ್ ಅನ್ನು ಟಾರ್ ತಂತ್ರಾಂಶದ ಮೂಲಕ ತೆಗೆದಿರಿಸಿದವರು, ಕಡತ ಅಳಿಸಿಹೋದಾಗ ಕಮಾಂಡ್ ಲೈನ್‌ನಲ್ಲಿ ಅದನ್ನು ಮರಳಿ ಪಡೆಯುವ ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಟಾರ್ ಎಂದರೇನು

ಅನೇಕ ಕಡತಗಳನ್ನು ಒಂದೇ ಕಡತವಾಗಿ ಕಟ್ಟಿಡುವ ತಂತ್ರಾಂಶವಿದು. 1979ರ ಯುನಿಕ್ಸ್ ಏಳನೆಯ ಆವೃತ್ತಿಯೊಂದಿಗೆ ಬಂದಿತು. ಆಗ ಬ್ಯಾಕಪ್‌ಗಳನ್ನು ಕಾಂತೀಯ ಟೇಪಿನಲ್ಲಿ ಇಡಲಾಗುತ್ತಿದ್ದುದರಿಂದ ಟೇಪ್ ಆರ್ಕೈವ್ ಎಂಬುದರ ಸಂಕ್ಷೇಪವೇ ಇದರ ಹೆಸರಾಯಿತು. ಲಿನಕ್ಸ್ ಮತ್ತು ಮ್ಯಾಕ್ ಗಣಕಯಂತ್ರಗಳಲ್ಲಿ ಇದು ಲಭ್ಯವಿದೆ. ವಿಂಡೋಸ್ 10ರಲ್ಲಿಯೂ 2018ರ ಆವೃತ್ತಿಯಿಂದ ಸೇರಿಸಲಾಗಿದೆ.

ಮೊದಲು ಪಟ್ಟಿ, ಅನಂತರ ಮರುಸ್ಥಾಪನೆ

ಬ್ಯಾಕಪ್‌ನಲ್ಲಿ ಏನಿದೆ ಎಂಬುದನ್ನು ನೋಡದೆ ಅದನ್ನು ಬಿಚ್ಚತಕ್ಕದ್ದಲ್ಲ. ಟಾರ್ ಕಡತಗಳನ್ನು ಹೊರತೆಗೆಯುವಾಗ, ಅದೇ ಸ್ಥಳದಲ್ಲಿ ಅದೇ ಹೆಸರಿನ ಕಡತವಿದ್ದರೆ ಅನುಮತಿ ಕೇಳದೆ ಅದರ ಮೇಲೆ ಹಳೆಯದನ್ನು ಬರೆಯುತ್ತದೆ. ಉದಾಹರಣೆಗೆ, ಕಳೆದ ತಿಂಗಳ ಬ್ಯಾಕಪ್‌ನಿಂದ ಒಂದು ಆದಾಯ ಪ್ರಮಾಣಪತ್ರವನ್ನು ಪಡೆಯಲು ಹೋದವರು ಇಡೀ ಬ್ಯಾಕಪ್ ಅನ್ನು ಬಿಚ್ಚಿದರೆ, ನಿನ್ನೆ ತಿದ್ದಿದ ಅರ್ಜಿಯ ಕರಡು ಕಳೆದ ತಿಂಗಳ ಸ್ಥಿತಿಗೆ ಮರಳುತ್ತದೆ. ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿದಾಗ ಇದರಿಂದಾಗುವ ನಷ್ಟವು ಮೊದಲಿನ ನಷ್ಟಕ್ಕಿಂತ ದೊಡ್ಡದು.

ಪಟ್ಟಿಯನ್ನು ನೋಡಲು ಈ ಕೆಳಕಂಡಂತೆ ಆದೇಶ ನೀಡುವುದು. ಆದೇಶದ ಪದಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡತಕ್ಕದ್ದು.

ಟಾರ್ -ಟಿವಿಎಫ್ ದಾಖಲೆ.ಟಾರ್

ಇಲ್ಲಿ ಟಿ ಎಂದರೆ ಪಟ್ಟಿ ಮಾಡು, ವಿ ಎಂದರೆ ವಿವರ ಸಹಿತ, ಎಫ್ ಎಂದರೆ ಮುಂದೆ ಬರುವುದು ಬ್ಯಾಕಪ್ ಕಡತದ ಹೆಸರು. ಪ್ರತಿ ಸಾಲಿನಲ್ಲಿ ಅನುಮತಿಗಳು, ಮಾಲೀಕ, ಬೈಟ್‌ಗಳಲ್ಲಿ ಗಾತ್ರ, ದಿನಾಂಕ ಮತ್ತು ಹೆಸರು ಕಾಣಿಸುತ್ತವೆ. ಆ ದಿನಾಂಕವು ಕಡತವನ್ನು ಕೊನೆಯದಾಗಿ ತಿದ್ದಿದ ದಿನಾಂಕವೇ ಹೊರತು ಬ್ಯಾಕಪ್ ತೆಗೆದ ದಿನಾಂಕವಲ್ಲ. ಗಾತ್ರ ಸೊನ್ನೆ ಎಂದಿದ್ದರೆ, ಬ್ಯಾಕಪ್ ತೆಗೆಯುವಾಗಲೇ ಕಡತ ಖಾಲಿಯಾಗಿತ್ತೆಂದು ತಿಳಿಯುವುದು.

ಒಂದು ಕಡತವನ್ನು ಮಾತ್ರ ಪಡೆಯುವುದು

ಮೊದಲು ಮರಳಿ ಎಂಬಂತಹ ಹೊಸ ಖಾಲಿ ಫೋಲ್ಡರ್ ಒಂದನ್ನು ತೆರೆದು, ಕಡತವನ್ನು ಅದರೊಳಕ್ಕೆ ಪಡೆಯತಕ್ಕದ್ದು.

ಟಾರ್ -ಎಕ್ಸ್‌ವಿಎಫ್ ದಾಖಲೆ.ಟಾರ್ -ಸಿ ಮರಳಿ ./ಆದಾಯ.ಪಿಡಿಎಫ್

ಎಕ್ಸ್ ಎಂದರೆ ಹೊರತೆಗೆ. ಎರಡನೆಯ ಅಡ್ಡಗೆರೆಯ ನಂತರದ ಸಿ ಮಾತ್ರ ದೊಡ್ಡ ಅಕ್ಷರವಾಗಿದ್ದು, ಯಾವ ಫೋಲ್ಡರ್‌ಗೆ ಎಂಬುದನ್ನು ಸೂಚಿಸುತ್ತದೆ. ಕಡತದ ಹೆಸರು ಪಟ್ಟಿಯಲ್ಲಿ ಕಂಡಂತೆಯೇ ಇರಬೇಕು; ಆರಂಭದ ಚುಕ್ಕೆ ಹಾಗೂ ಓರೆಗೆರೆಯನ್ನು ಬಿಟ್ಟರೂ ಕಡತ ಸಿಗಲಿಲ್ಲ ಎಂಬ ಉತ್ತರ ಬರುತ್ತದೆ. ಬಹುತೇಕ ಸಂದರ್ಭಗಳಲ್ಲಿ ಕಡತ ಇದ್ದೇ ಇರುತ್ತದೆ, ಹೆಸರು ಮಾತ್ರ ತಪ್ಪಿರುತ್ತದೆ.

ವಿಶೇಷ ಎಚ್ಚರಿಕೆ: ಸಣ್ಣ ಅಕ್ಷರದ ಸಿ ಎಂದರೆ ಹೊಸ ಬ್ಯಾಕಪ್ ರಚಿಸು ಎಂದರ್ಥ. ಕೀಲಿಮಣೆಯಲ್ಲಿ ಎಕ್ಸ್ ಮತ್ತು ಸಿ ಅಕ್ಕಪಕ್ಕದಲ್ಲಿವೆ. ಎಕ್ಸ್ ಬದಲಿಗೆ ಸಿ ಒತ್ತಿದಲ್ಲಿ ಹಳೆಯ ಬ್ಯಾಕಪ್ ಅಳಿಸಿಹೋಗುವ ಸಂಭವವಿದೆ. ಆದ್ದರಿಂದ ಬ್ಯಾಕಪ್ ಕಡತದ ನಕಲೊಂದನ್ನು ಬೇರೆಡೆ ಇರಿಸಿದ ನಂತರವೇ ಕೆಲಸ ಆರಂಭಿಸುವುದು ಸೂಕ್ತ.

ಕನ್ನಡ ಹೆಸರಿನ ಕಡತಗಳು

ಲಿನಕ್ಸ್ ಗಣಕಯಂತ್ರದ ಭಾಷಾ ವ್ಯವಸ್ಥೆ ಯುನಿಕೋಡ್‌ಗೆ ಹೊಂದಿಕೊಂಡಿರದಿದ್ದರೆ, ಪಟ್ಟಿಯಲ್ಲಿ ಕನ್ನಡ ಅಕ್ಷರಗಳ ಬದಲು ಅಂಕೆಗಳು ಕಾಣುತ್ತವೆ. ಉದಾಹರಣೆಗೆ, ಕ ಅಕ್ಷರದ ಸ್ಥಾನದಲ್ಲಿ 340, 262, 225 ಎಂದಿರುತ್ತದೆ. ಇದರಿಂದ ಕಡತ ಹಾಳಾಗಿದೆಯೆಂದು ಭಾವಿಸಿ ಬ್ಯಾಕಪ್ ಅನ್ನು ಅಳಿಸತಕ್ಕದ್ದಲ್ಲ. ಹೆಸರು ಒಳಗೆ ಸರಿಯಾಗಿಯೇ ಇರುತ್ತದೆ. ಭಾಷಾ ವ್ಯವಸ್ಥೆಯನ್ನು ಬದಲಿಸಲಾಗದಿದ್ದಲ್ಲಿ, ಬ್ಯಾಕಪ್ ಅನ್ನು ಖಾಲಿ ಫೋಲ್ಡರ್‌ಗೆ ಪೂರ್ಣವಾಗಿ ಹೊರತೆಗೆದು ಬೇಕಾದುದನ್ನು ಆರಿಸಿಕೊಳ್ಳಬಹುದು.

ಪರಿಶೀಲನೆ

ಪಟ್ಟಿ ಬಂದ ಮಾತ್ರಕ್ಕೆ ಕಡತದ ಒಳವಿಷಯ ಸರಿಯಿದೆಯೆಂದು ಹೇಳಲಾಗದು. ಕಡತದ ಹೆಸರು ಮುಂತಾದ ತಲೆಬರಹದ ವಿವರಗಳಿಗೆ ಮಾತ್ರ ಟಾರ್ ತಾಳೆ ಸಂಖ್ಯೆಯನ್ನು ಇಡುತ್ತದೆ, ಒಳವಿಷಯಕ್ಕೆ ಇಡುವುದಿಲ್ಲ. ಪಡೆದ ಕಡತವನ್ನು ತೆರೆದು, ಎಲ್ಲ ಪುಟಗಳನ್ನು ನೋಡತಕ್ಕದ್ದು.

ದೊಡ್ಡ ಸಂಸ್ಥೆಗಳೂ ಇದರಲ್ಲಿ ಎಡವಿದ್ದುಂಟು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಮುಖ್ಯ ದತ್ತಸಂಚಯ ಅಳಿಸಿಹೋದಾಗ, ನಿತ್ಯದ ಬ್ಯಾಕಪ್‌ಗಳು ತಂತ್ರಾಂಶದ ಆವೃತ್ತಿ ಹೊಂದದೆ ವಿಫಲವಾಗುತ್ತಿದ್ದವೆಂಬುದು ಆಗಷ್ಟೇ ತಿಳಿಯಿತು. ಸುಮಾರು 6 ಗಂಟೆಗಳ ಹಿಂದೆ ಅನ್ಯ ಕಾರಣಕ್ಕೆ ತೆಗೆದಿದ್ದ ಪ್ರತಿಯೊಂದು ಉಳಿದಿದ್ದುದರಿಂದ ನಷ್ಟ ಆ ಅವಧಿಗೆ ಸೀಮಿತವಾಯಿತು. ಅರ್ಜಿದಾರರು ತಿಂಗಳಿಗೊಮ್ಮೆಯಾದರೂ ಒಂದು ಕಡತವನ್ನು ಹೊರತೆಗೆದು ನೋಡುವಂತೆ ಕೋರಲಾಗಿದೆ.

2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿ ಲಭ್ಯವಿರುವ ಪ್ರಮಾಣಪತ್ರಗಳನ್ನು ಅಲ್ಲಿಂದಲೇ ಮತ್ತೆ ಪಡೆಯಬಹುದು. ಆದರೆ ತಾವೇ ಸಿದ್ಧಪಡಿಸಿದ ಕರಡು, ಕೈಬರಹದ ಮನವಿಯ ಸ್ಕ್ಯಾನ್ ಪ್ರತಿ ಇತ್ಯಾದಿಗಳಿಗೆ ಸ್ವಂತ ಬ್ಯಾಕಪ್ ಒಂದೇ ಆಧಾರ.

ಸೂಚನೆ: ಸೈಬರ್ ಕೇಂದ್ರ ಅಥವಾ ಇತರರ ಗಣಕಯಂತ್ರದಲ್ಲಿ ಬ್ಯಾಕಪ್ ತೆರೆದವರು, ಬೇಕಾದ ಕಡತವನ್ನು ತಮ್ಮ ಪೆನ್ ಡ್ರೈವ್‌ಗೆ ನಕಲಿಸಿಕೊಂಡ ನಂತರ ಮರಳಿ ಫೋಲ್ಡರ್ ಅನ್ನೂ ಬ್ಯಾಕಪ್ ಕಡತದ ನಕಲನ್ನೂ ಅಲ್ಲಿಂದ ಅಳಿಸತಕ್ಕದ್ದು.