ಸೆಟ್ಲ್‌ಮೆಂಟ್

ಮುರುಗಮಲ್ಲದ ಕಡೆ ಹೆಣ್ಣಿನವರು ಹುಡುಗನ ಬಗ್ಗೆ ಮೊದಲು ಕೇಳುವುದು ‘ಸೆಟ್ಲಾಗಿದ್ದಾನಾ?’ ಎಂದು. ಬೆಂಗಳೂರಲ್ಲಿ ಕೆಲಸ, ಸಾಧ್ಯವಾದರೆ ಒಂದು ಸೈಟು ಎಂಬುದು ಅದರ ಅರ್ಥ. ಚಿಂತಾಮಣಿಯಲ್ಲಿ ಅಣ್ಣತಮ್ಮಂದಿರ ಜಮೀನು ವ್ಯಾಜ್ಯ ಕೋರ್ಟಿನಾಚೆ ಮುಗಿದರೆ ಅದು ಸೆಟ್ಲ್‌ಮೆಂಟ್. ಕೆಲಸ ಬಿಟ್ಟವನ ಬಾಕಿ ಎಣಿಸಿ ಕೊಟ್ಟರೂ ಸೆಟ್ಲ್‌ಮೆಂಟೇ. ‘ಅವನನ್ನ ಸೆಟ್ಲ್ ಮಾಡ್ತೀನಿ’ ಎಂದು ಯಾರಾದರೂ ಅಂದರೆ ಮಾತ್ರ ಆ ‘ಅವನು’ ಊರು ಬಿಡುವುದು ವಾಸಿ.

ಇಷ್ಟು ಸಲೀಸಾಗಿ ಬಾಯಿಗೆ ಹತ್ತಿದ ಪದವನ್ನು ಸರ್ಕಾರಿ ಕನ್ನಡ ಮಾತ್ರ ಹೊಸಿಲಾಚೆ ನಿಲ್ಲಿಸಿದೆ. ಸರ್ವೆ ಸೆಟ್ಲ್‌ಮೆಂಟ್ ಇಲಾಖೆಗೆ ಕನ್ನಡದಲ್ಲಿ ‘ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆ’ ಎಂದು ಹೆಸರು. 1863ರಲ್ಲಿ ಮೈಸೂರು ಸೀಮೆಯಲ್ಲಿ ಬಾಂಬೆ ಮಾದರಿಯ ಸರ್ವೆ ಶುರುವಾದಾಗ ಹೊಲಕ್ಕೊಂದು ನಂಬರು, ನಂಬರಿಗೊಬ್ಬ ರೈತ, ರೈತನ ತಲೆಗೆ ಕಂದಾಯ ಎಂದು ಗೊತ್ತಾಯಿತು. ನಂಬರೇ ಇಲ್ಲದೆ ಕತ್ತೆ, ಎತ್ತು ಹೊಡೆದುಕೊಂಡು ತಿರುಗುವವರನ್ನು ಯಾವ ಕಾಲಂಗೆ ಹಾಕುವುದು?

ಅಂಥವರಿಗೆಂದು ಹುಟ್ಟಿದ್ದು ಇನ್ನೊಂದು ಬಗೆಯ ಸೆಟ್ಲ್‌ಮೆಂಟ್. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ‘ಸೆಟ್ಲ್‌ಮೆಂಟ್’ ಎಂದರೆ ಇಂದಿಗೂ ಒಂದು ಬಡಾವಣೆ. ಗಡಿಯಾಚೆ ಸೊಲ್ಲಾಪುರದಲ್ಲೂ ಹಾಗೆಯೇ. ಮುಳ್ಳುತಂತಿಯ ಬೇಲಿ, ದಿನಾ ಹಾಜರಿ, ಹೊರಗೆ ಹೋಗಲು ಪಾಸು ಇವೆಲ್ಲ ಇದ್ದ ಜಾಗಗಳು ಇವು. 1871ರಲ್ಲಿ ಶುರುವಾದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟವರನ್ನು ಅಲ್ಲಿ ಕೂಡಿಹಾಕಿದ್ದರು. ಅವರಲ್ಲಿ ಗಂಟಿಚೋರರ ಜಾತಿಯ ಹೆಸರಲ್ಲೇ ಚೋರ ಇದ್ದಾನೆ, ದಾಖಲೆ ಬರೆಯುವವರಿಗೆ ಇನ್ನೇನು ಬೇಕು. 1897ರ ತಿದ್ದುಪಡಿಯಂತೂ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ಇಡಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು.

ಬೇಲಿ ಪೊಲೀಸರದ್ದು, ಒಳಗಿನ ಆಡಳಿತ ಹಲವು ಕಡೆ ಮಿಷನರಿಗಳದ್ದು. ಸೊಲ್ಲಾಪುರದ ಸೆಟ್ಲ್‌ಮೆಂಟ್ ಅಮೆರಿಕನ್ ಮರಾಠಿ ಮಿಷನ್ನಿನ ಕೈಯಲ್ಲಿತ್ತು. ಮದ್ರಾಸು ಪ್ರಾಂತ್ಯದಲ್ಲಿ ಮುಂದೆ ಬಂದದ್ದು ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆ. ಅದನ್ನು ಭಾರತಕ್ಕೆ 1882ರಲ್ಲಿ ತಂದ ಫ್ರೆಡರಿಕ್ ಬೂತ್-ಟಕ್ಕರ್, ಐಸಿಎಸ್ ನೌಕರಿ ಬಿಟ್ಟು ಕಾವಿ ಉಟ್ಟ ಇಂಗ್ಲಿಷಿನವ. ಅವನ ಮಾವ ವಿಲಿಯಂ ಬೂತ್ 1890ರ ತನ್ನ ಪುಸ್ತಕದಲ್ಲಿ ಲಂಡನ್ನಿನ ಬಡವರ ಉದ್ಧಾರಕ್ಕೆ ಮೂರು ಮೆಟ್ಟಿಲು ಸೂಚಿಸಿದ್ದ: ನಗರದ ಕಾಲೊನಿ, ಬೇಸಾಯದ ಕಾಲೊನಿ, ಕೊನೆಗೆ ಕಡಲಾಚೆಯ ಕಾಲೊನಿ. ಪಾಪಿಗೆ ದೇವರ ಜೊತೆಗೆ ದುಡಿಮೆಯೂ ಬೇಕು, ದುಡಿಯಲು ಒಂದೇ ಕಡೆ ನಿಲ್ಲಬೇಕು ಎಂಬುದು ಆ ಲೆಕ್ಕ.

ಲೆಕ್ಕ ಹಳೆಯದೇ. ಮ್ಯಾಸಚೂಸೆಟ್ಸಿನಲ್ಲಿ ಜಾನ್ ಎಲಿಯಟ್ ಎಂಬ ಪಾದ್ರಿ 1651ರಲ್ಲಿ ನೇಟಿಕ್ ಎಂಬಲ್ಲಿ ಮೂಲನಿವಾಸಿಗಳಿಗೆ ‘ಪ್ರಾರ್ಥನೆಯ ಊರು’ ಕಟ್ಟಿಸಿ, ಬೈಬಲ್ಲಿನ ಜೊತೆ ಇಂಗ್ಲಿಷರ ನಡೆನುಡಿಯನ್ನೂ ಕಲಿಸಲು ಹೊರಟ. ಅದಕ್ಕೂ ಮೊದಲು, 1493ರಲ್ಲಿ, ಪೋಪ್ ಆರನೇ ಅಲೆಕ್ಸಾಂಡರ್ ಕ್ರೈಸ್ತ ದೊರೆಗಳಿಲ್ಲದ ಹೊಸ ನೆಲಗಳನ್ನು ಸ್ಪೇನಿಗೆ ಬರೆದುಕೊಟ್ಟಿದ್ದ. ಈ ಬಗೆಯ ಆಜ್ಞೆಗಳ ಮೇಲೆ ಬೆಳೆದ, ಕಂಡುಹಿಡಿದವರದೇ ನೆಲ ಎಂಬ ಸಿದ್ಧಾಂತವನ್ನು ಅಮೆರಿಕದ ಸುಪ್ರೀಂ ಕೋರ್ಟು 1823ರಲ್ಲಿ ಕಾನೂನಾಗಿಸಿತು. ವ್ಯಾಟಿಕನ್ ಅದನ್ನು ತಿರಸ್ಕರಿಸಿದ್ದು 2023ರ ಮಾರ್ಚಿನಲ್ಲಿ. ಪ್ರಾಟೆಸ್ಟಂಟರಿಗೆ ಪೋಪನ ಚೀಟಿ ಬೇಕಿರಲಿಲ್ಲ. ದೇವರು ಭೂಮಿ ಕೊಟ್ಟದ್ದು ಶ್ರಮಪಟ್ಟು ಉಳುವವರಿಗೆ ಎಂಬ ಜಾನ್ ಲಾಕ್‌ನ ವಾದವೇ ಸಾಕಾಯಿತು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಕರ್ನಾಟಕದಲ್ಲಿ ಗೇಣಿದಾರನಿಗೆ ಹೊಲ ಕೊಡಿಸಿತು. ಅಮೆರಿಕದಲ್ಲಿ ಹೆಚ್ಚುಕಡಿಮೆ ಅದೇ ಮಾತು ಬೇಟೆಯಾಡಿ ಬದುಕುವವರ ನೆಲ ಕಸಿಯಿತು.

ಇತ್ತ ಚಿಂತಾಮಣಿ ಸೀಮೆಯ ಕನ್ನಡ, ತೆಲುಗು ಎರಡು ನುಡಿಯಲ್ಲೂ ಪರಿಚಿತರಾದ ಜನ ಕೊರಚರು. ತೆಲುಗಿನಲ್ಲಿ ಅವರು ಎರುಕಲರು. ಕರಾವಳಿಯ ಉಪ್ಪನ್ನು ಎತ್ತು, ಕತ್ತೆಗಳ ಮೇಲೆ ಹೇರಿಕೊಂಡು ಒಳನಾಡಿಗೆ ತಂದು, ಬದಲಿಗೆ ಧಾನ್ಯ ಒಯ್ಯುತ್ತಿದ್ದವರು. ಬುಟ್ಟಿ ಹೆಣೆಯುತ್ತಿದ್ದರು, ಕಣಿ ಹೇಳುತ್ತಿದ್ದರು. ಹತ್ತೊಂಬತ್ತನೇ ಶತಮಾನದ ನಡುವಿನಿಂದ ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು, ಕಾಡಿನ ಬಿದಿರಿಗೆ ಕಾವಲು ಬಿತ್ತು. ದಂಧೆ ಕಿತ್ತುಕೊಂಡ ಸರ್ಕಾರವೇ ದಂಧೆಯಿಲ್ಲದವರೆಂದು ಅವರನ್ನು ಶಂಕಿಸಿತು. ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣ 2001ರ ತಮ್ಮ ಪುಸ್ತಕದಲ್ಲಿ ಈ ಕಥೆಯನ್ನು ಎಳೆಎಳೆಯಾಗಿ ಬಿಡಿಸಿದ್ದಾರೆ.

ಎರುಕಲರಿಗೆಂದು ಆಂಧ್ರದ ಬಾಪಟ್ಲದ ಹತ್ತಿರ 1910ರ ದಶಕದಲ್ಲಿ ಸಾಲ್ವೇಶನ್ ಆರ್ಮಿ ಕಟ್ಟಿದ ಸೆಟ್ಲ್‌ಮೆಂಟಿಗೆ ಒಬ್ಬ ಬ್ರಿಟಿಷ್ ಅಧಿಕಾರಿಯ ಹೆಸರಿಟ್ಟು ಸ್ಟುವರ್ಟ್‌ಪುರಂ ಎಂದರು. ಕೈಗೆ ಗುದ್ದಲಿ ಕೊಟ್ಟರು. ಆಮೇಲೆ ಅಲ್ಲಿನವರನ್ನು ಚೀರಾಲದ ತಂಬಾಕು ಕಾರ್ಖಾನೆ ದುಡಿಸಿಕೊಂಡಿತು. ಶಾಲೆ, ಆಸ್ಪತ್ರೆ ಎರಡೂ ಬಂದವು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಅಕ್ಷರ ಕಲಿತ ಮೊದಲ ತಲೆಮಾರು ಹಲವು ಮನೆಗಳಲ್ಲಿ ಅಲ್ಲಿಯದೇ. ಆದರೆ ಆತ್ಮೋದ್ಧಾರದ ಹೆಸರಲ್ಲಿ ಕೂಲಿಯಾಳುಗಳ ದಾಸ್ತಾನು ಸಿದ್ಧವಾಗಿದ್ದೂ ಅಷ್ಟೇ ನಿಜ. ಊರಿನ ಹೆಸರು ಮಾತ್ರ ಕಳ್ಳರ ಊರೆಂದೇ ಉಳಿಯಿತು. 2023ರಲ್ಲಿ ಬಂದ ‘ಟೈಗರ್ ನಾಗೇಶ್ವರ ರಾವ್’ ತೆಲುಗು ಸಿನಿಮಾ ಅದನ್ನೇ ದೊಡ್ಡ ಪರದೆಗೆ ಏರಿಸಿತು.

ಅಲೆಮಾರಿ ಎಂಬುದು ಕನ್ನಡದಲ್ಲಿ ಬೈಗುಳವೂ ಹೌದು, ಸರ್ಕಾರಿ ವರ್ಗದ ಹೆಸರೂ ಹೌದು. ಈ ತಾತ್ಸಾರವನ್ನು ಪೂರ್ತಿ ಬ್ರಿಟಿಷರ ತಲೆಗೆ ಕಟ್ಟುವುದು ಅನುಕೂಲದ ಮಾತಾದೀತು. ಊರೊಳಗೆ ಬೇರು ಬಿಟ್ಟವರು ಊರಾಚೆ ಬಿಡಾರ ಹಾಕಿದವರನ್ನು ಮೊದಲಿನಿಂದಲೂ ಓರೆಗಣ್ಣಲ್ಲೇ ನೋಡಿದ್ದಾರೆ. ಹೊಸದಾಗಿದ್ದು ಆ ಓರೆನೋಟಕ್ಕೆ ರಿಜಿಸ್ಟರು, ಬೆರಳಚ್ಚು, ಬೇಲಿ ಸಿಕ್ಕಿದ್ದು. ಮುರುಗಮಲ್ಲದ ಅಮ್ಮಾಜಾನ್-ಬಾವಾಜಾನ್ ದರ್ಗಾಕ್ಕೆ, ಮುಕ್ತೀಶ್ವರನ ಗುಡಿಗೆ ಬರುವವರು ಯಾವ ಊರು, ಯಾವ ಜಾತಿ ಎಂದು ಬಾಗಿಲಲ್ಲಿ ಯಾರೂ ಹಾಜರಿ ಹಾಕಿಸಿಕೊಳ್ಳುವುದಿಲ್ಲ. ದೇವರ ಹೆಸರಲ್ಲಿ ಜನ ಸೇರುವುದಕ್ಕೂ ದೇವರ ಹೆಸರಲ್ಲಿ ಜನರನ್ನು ಕೂಡಿಹಾಕುವುದಕ್ಕೂ ಅಷ್ಟು ಅಂತರ.

ಅಪರಾಧಿ ಬುಡಕಟ್ಟುಗಳ ಕಾಯ್ದೆ ರದ್ದಾಗಿದ್ದು 1952ರ ಆಗಸ್ಟ್ 31ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ. ಬೇಲಿ ಕಿತ್ತರೂ ಹೋಗಲು ಬೇರೆ ಜಾಗವಿಲ್ಲದೆ ಬಹಳಷ್ಟು ಜನ ಅಲ್ಲೇ ಉಳಿದರು, ಹೀಗಾಗಿ ಬಡಾವಣೆಗಳಿಗೆ ಆ ಹೆಸರು ಅಂಟಿತು. ರದ್ದಾದ ಕಾಯ್ದೆಯ ಜಾಗಕ್ಕೆ ರಾಜ್ಯಗಳು ‘ರೂಢಿಗತ ಅಪರಾಧಿ’ಗಳ ಕಾನೂನು ತಂದವು, ಕರ್ನಾಟಕದ್ದು 1961ರದ್ದು. 2024ರ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ಅರ್ಜಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹಲವು ರಾಜ್ಯಗಳ ಜೈಲು ಕೈಪಿಡಿಗಳನ್ನು ಬಿಚ್ಚಿ ನೋಡಿತು. ಅಲೆಮಾರಿ ಬುಡಕಟ್ಟಿಗೆ ಸೇರಿದವನು ಎಂಬುದೇ ಕೈದಿಯನ್ನು ಶಂಕಿಸಲು ಸಾಕೆನ್ನುವ ನಿಯಮಗಳು ಅವುಗಳಲ್ಲಿ ಇನ್ನೂ ಇದ್ದವು. ಕೋರ್ಟು ಅವನ್ನು ಹೊಡೆದುಹಾಕಿತು.