ಮನೆಯೇ ಇಲ್ಲದ ‘ಹೌಸ್’: ರೆಡ್, ಬ್ಲೂ, ಗ್ರೀನ್, ಯೆಲ್ಲೋ ಎಲ್ಲಿಂದ ಬಂತು?

ಇವತ್ತು ಒಂದು ಸುಲಭದ ಪ್ರಶ್ನೆಯಿಂದ ಶುರು ಮಾಡೋಣ. ಸ್ಕೂಲಲ್ಲಿ ನೀವು ಯಾವ ಹೌಸ್? ರೆಡ್ಡಾ, ಬ್ಲೂನಾ? ಕೇಂದ್ರೀಯ ವಿದ್ಯಾಲಯದಲ್ಲಿ ಓದಿದವರಾದ್ರೆ ಬಹುಶಃ ಶಿವಾಜಿ, ಟಾಗೋರ್, ಅಶೋಕ, ರಾಮನ್, ಇವುಗಳಲ್ಲಿ ಒಂದು. ಎಂಟನೇ ಕ್ಲಾಸಲ್ಲಿ ಗಣಿತಕ್ಕೆ ಎಷ್ಟು ಮಾರ್ಕ್ಸ್ ಬಂದಿತ್ತು ಅಂತ ಕೇಳಿದ್ರೆ ತಲೆ ಕೆರ್ಕೊಳ್ತೀರಿ. ಹೌಸ್ ಯಾವುದು ಅಂದ್ರೆ ಥಟ್ ಅಂತ ಬಾಯಿಗೆ ಬರುತ್ತೆ.

ಎರಡನೇ ಪ್ರಶ್ನೆ. ಅದನ್ನ ‘ಹೌಸ್’ ಅಂತ ಯಾಕೆ ಕರೀತಾರೆ? ಅಲ್ಲಿ ಮನೆ ಎಲ್ಲಿದೆ? ಒಂದು ಬಣ್ಣದ ಟೀ ಶರ್ಟ್ ಇದೆ, ಸ್ಪೋರ್ಟ್ಸ್ ಡೇ ದಿನ ಒಂದು ಬಾವುಟ ಇದೆ, ನೋಟಿಸ್ ಬೋರ್ಡಲ್ಲಿ ಪಾಯಿಂಟ್ಸ್ ಇದೆ. ಮನೆ ಇಲ್ಲ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಎಷ್ಟೋ ಕಡೆ ಇದನ್ನ ‘ತಂಡ’ ಅಂತಾರೆ. ‘ಕೆಂಪು ಮನೆ’ ಅಂತ ಯಾರೂ ಹೇಳಿದ್ದನ್ನ ನಾನಂತೂ ಕೇಳಿಲ್ಲ. ಆದ್ರೆ ಒಂದು ಕಾಲದಲ್ಲಿ ಅದು ನಿಜವಾಗಲೂ ಮನೆಯೇ ಆಗಿತ್ತು. ಗೋಡೆ, ಸೂರು, ಅಡುಗೆಮನೆ ಇದ್ದ ಮನೆ. ಆ ಮನೆ ಎಲ್ಲಿ ಕಳೆದುಹೋಯ್ತು, ಅದರ ಜೊತೆ ಇನ್ನೇನು ಹೋಯ್ತು, ಅದೇ ಇವತ್ತಿನ ಕಥೆ.

ಇಂಗ್ಲೆಂಡಿನಲ್ಲಿ ಈಟನ್ ಅನ್ನೋ ಶಾಲೆ. 1440ರಲ್ಲಿ ಆರನೇ ಹೆನ್ರಿ ಅನ್ನೋ ರಾಜ ಶುರು ಮಾಡಿದ್ದು. ರಾಜನ ಖರ್ಚಲ್ಲಿ ಓದೋ 70 ಹುಡುಗರಿಗೆ ಶಾಲೆಯೊಳಗೇ ಊಟ, ವಾಸ. ಕ್ರಮೇಣ ಶ್ರೀಮಂತರ ಮಕ್ಕಳೂ ದುಡ್ಡು ಕೊಟ್ಟು ಓದೋಕೆ ಬಂದ್ರು. ಅವರಿಗೆ ಒಳಗೆ ಜಾಗ ಇಲ್ಲ. ಹಾಗಾಗಿ ಶಾಲೆ ಪಕ್ಕದ ಊರಲ್ಲಿ ಬಾಡಿಗೆಗೆ ಇರ್ತಿದ್ರು. ಇಂಥ ಮನೆಗಳನ್ನ ಎಷ್ಟೋ ಕಡೆ ನಡೆಸ್ತಿದ್ದವರು ಹೆಂಗಸರು. ಅವರಿಗೆ ‘ಡೇಮ್’ ಅಂತ ಹೆಸರು. ನಮ್ಮ ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಪಿಜಿ ಆಂಟಿ. ಹೌಸ್ ಸಿಸ್ಟಮ್‌ನ ಬೇರು ಇಲ್ಲಿದೆ. ಯಾರೋ ಶಿಕ್ಷಣತಜ್ಞರು ಕೂತು ಮಕ್ಕಳಲ್ಲಿ ಒಗ್ಗಟ್ಟು ಬೆಳೆಸಬೇಕು ಅಂತ ಯೋಚನೆ ಮಾಡಿದ್ದಲ್ಲ. ಹಾಸಿಗೆ ಕಡಿಮೆ ಬಿತ್ತು, ಅಷ್ಟೇ.

ಇದನ್ನ ಓದ್ತಾ ನನಗೆ ನಮ್ಮ ವಾರಾನ್ನ ನೆನಪಾಯ್ತು. ಅಜ್ಜ, ತಾತ ಯಾರಾದ್ರೂ ಹೇಳಿರಬಹುದು. ಬಡ ಹುಡುಗ ಓದೋಕೆ ಮೈಸೂರಿಗೋ ಧಾರವಾಡಕ್ಕೋ ಬರ್ತಾನೆ. ಸೋಮವಾರ ಒಂದು ಮನೇಲಿ ಊಟ, ಮಂಗಳವಾರ ಇನ್ನೊಂದು ಮನೇಲಿ, ಹೀಗೆ ಏಳು ದಿನಕ್ಕೆ ಏಳು ಮನೆ. ಹೊಟ್ಟೆ ತುಂಬ್ತಿತ್ತು. ಆದ್ರೆ ಏಳರಲ್ಲಿ ಒಂದೂ ಅವನ ಮನೆ ಅಲ್ಲ. ಊಟ ಸಿಗೋದೇ ಬೇರೆ, ನಾನು ಇಲ್ಲಿಯವನು ಅನಿಸೋದೇ ಬೇರೆ. ಈ ವ್ಯತ್ಯಾಸ ಸ್ವಲ್ಪ ನೆನಪಲ್ಲಿಟ್ಟುಕೊಳ್ಳಿ.

ಈಗ 1828. ರಗ್ಬಿ ಅನ್ನೋ ಶಾಲೆಗೆ ಥಾಮಸ್ ಆರ್ನಾಲ್ಡ್ ಹೆಡ್‌ಮಾಸ್ಟರ್ ಆಗಿ ಬರ್ತಾರೆ. ಹೌದು, ರಗ್ಬಿ ಆಟಕ್ಕೆ ಹೆಸರು ಬಂದ ಅದೇ ರಗ್ಬಿ. ಅಲ್ಲೂ ಹುಡುಗರು ಬೋರ್ಡಿಂಗ್ ಮನೆಗಳಲ್ಲಿದ್ರು. ಒಂದೊಂದೇ ಮನೆ ಖಾಲಿ ಆದಂಗೆ ಅದನ್ನ ಶಾಲೆಯ ಮೇಷ್ಟ್ರುಗಳ ಕೈಗೆ ಕೊಡೋ ಪದ್ಧತಿಯನ್ನ ಆರ್ನಾಲ್ಡ್ ತಂದ್ರು. ಹಗಲು ಲ್ಯಾಟಿನ್ ಪಾಠ ಮಾಡಿದ ಮೇಷ್ಟ್ರೇ ರಾತ್ರಿ ಅದೇ ಸೂರಿನ ಕೆಳಗೆ ಇರ್ತಾರೆ. ಹುಡುಗನಿಗೆ ಜ್ವರ ಬಂದ್ರೆ ಅವರಿಗೇ ಗೊತ್ತಾಗುತ್ತೆ. ಹೌಸ್ ಮಾಸ್ಟರ್ ಅನ್ನೋ ಹುದ್ದೆ ಗಟ್ಟಿಯಾಗಿ ನಿಂತಿದ್ದು ಹೀಗೆ.

ನಾನು ಬಿಕಾಂ ಓದಿದವನು, ಹಾಗಾಗಿ ಲೆಕ್ಕದ ಕಡೆ ಕಣ್ಣು ಹೋಗೇ ಹೋಗುತ್ತೆ. ಮೇಷ್ಟ್ರುಗಳು ಇದನ್ನ ಬರೀ ಪ್ರೀತಿಗೆ ಮಾಡಲಿಲ್ಲ. ಊಟ ವಸತಿಯ ಫೀಸಲ್ಲಿ ಖರ್ಚು ಕಳೆದು ಉಳಿದಿದ್ದು ಅವರ ಜೇಬಿಗೆ. 1861ರಲ್ಲಿ ಬ್ರಿಟಿಷ್ ಸರ್ಕಾರ ಇಂಥ ಒಂಬತ್ತು ಶಾಲೆಗಳ ತನಿಖೆಗೆ ಕ್ಲಾರೆಂಡನ್ ಆಯೋಗ ಅಂತ ನೇಮಿಸ್ತು, 1864ರಲ್ಲಿ ವರದಿ ಬಂತು. ಮೇಷ್ಟ್ರುಗಳ ಆದಾಯದಲ್ಲಿ ಈ ಬೋರ್ಡಿಂಗ್ ಲಾಭದ ಪಾಲು ದೊಡ್ಡದು. ಹುಡುಗರ ತಟ್ಟೆಗೆ ಬೀಳೋದು ಕಡಿಮೆ ಆದಷ್ಟೂ ಯಾರಿಗೆ ಲಾಭ ಅಂತ ನೀವೇ ಯೋಚನೆ ಮಾಡಿ.

ಇನ್ನೊಂದು ಕತ್ತಲೆ ಮೂಲೆನೂ ಇತ್ತು. ರಗ್ಬಿಯಲ್ಲೇ ಓದಿದ ಥಾಮಸ್ ಹ್ಯೂಸ್ 1857ರಲ್ಲಿ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಅಂತ ಕಾದಂಬರಿ ಬರೆದ್ರು. ಅದರಲ್ಲಿ ಫ್ಲಾಶ್‌ಮನ್ ಅನ್ನೋ ದೊಡ್ಡ ಹುಡುಗ ಟಾಮ್‌ನನ್ನ ಬೆಂಕಿ ಮುಂದೆ ಹಿಡಿದು ಸುಡ್ತಾನೆ. ಎಲ್ಲಿ? ಅವರದ್ದೇ ಹೌಸ್ ಒಳಗೆ. ಕಾದಂಬರಿ ನಿಜ, ಆದ್ರೆ ದೊಡ್ಡವರು ಚಿಕ್ಕವರ ಕೈಲಿ ಚಾಕರಿ ಮಾಡಿಸ್ಕೊಳ್ಳೋದು ಅಲ್ಲಿ ರೂಢಿಯೇ ಆಗಿತ್ತು. ಬಾಗಿಲು ಹಾಕಿದ್ರೆ ಒಳಗಿನವರಿಗೆ ಬೆಚ್ಚಗಿರುತ್ತೆ, ಹೊರಗಿನವರಿಗೆ ಏನೂ ಕೇಳಿಸಲ್ಲ. ಹಾಸ್ಟೆಲ್‌ನಲ್ಲಿ ಇದ್ದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಅದೇ ಕಾದಂಬರಿಯ ಕೊನೆಯಲ್ಲಿ ಒಬ್ಬ ಯುವ ಮೇಷ್ಟ್ರು ಬರ್ತಾರೆ. ಆ ಪಾತ್ರಕ್ಕೆ ಮಾದರಿ ಆದವರು ಆರ್ನಾಲ್ಡ್ ಕೈಕೆಳಗೆ ಪಾಠ ಮಾಡ್ತಿದ್ದ ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್. ಕಾಟನ್! ಬೆಂಗಳೂರಿನವರಿಗೆ ಕಿವಿ ನೆಟ್ಟಗಾಗಿರಬೇಕು. ಹೌದು, ಸೇಂಟ್ ಮಾರ್ಕ್ಸ್ ರಸ್ತೆಯ ಬಿಷಪ್ ಕಾಟನ್ ಸ್ಕೂಲ್ ಇದೆಯಲ್ಲ, ಅವರದ್ದೇ ಹೆಸರು.

ರಗ್ಬಿ ಬಿಟ್ಟು ಕಾಟನ್ 1852ರಲ್ಲಿ ಮಾರ್ಲ್‌ಬರೋ ಅನ್ನೋ ಶಾಲೆಗೆ ಹೋದ್ರು. ಆ ಶಾಲೆಯ ಸ್ಥಿತಿ ಆಗ ಹೇಗಿತ್ತು ಅಂದ್ರೆ, ಹಿಂದಿನ ವರ್ಷ ಅಲ್ಲಿ ಹುಡುಗರೇ ದಂಗೆ ಎದ್ದಿದ್ರು! ಹೆಡ್‌ಮಾಸ್ಟರ್ ಕೆಲಸ ಬಿಟ್ಟು ಹೋಗಿದ್ರು. ಬೇಟೆ ಅಂತ ಕಾಡು ಅಲೆಯೋದು, ಊರವರ ಜೊತೆ ಜಗಳ, ಇದು ಹುಡುಗರ ಕಾಲಕ್ಷೇಪ. ಕಾಟನ್ ಹುರುಪಿನ ಯುವ ಮೇಷ್ಟ್ರುಗಳನ್ನ ಕರ್ಕೊಂಡು ಬಂದ್ರು. ಹುಡುಗರು ಶಾಲೆಯ ಮೈದಾನದಲ್ಲೇ ಆಡೋ ಹಾಗೆ ಆಟಗಳನ್ನ ವ್ಯವಸ್ಥೆ ಮಾಡಿದ್ರು, ಮೇಷ್ಟ್ರುಗಳೂ ಜೊತೆಗೆ ಆಡಿದ್ರು. ಹೌಸ್ ಅಂದ ಕೂಡಲೇ ನಮಗೆ ಆಟದ ಮೈದಾನ ಕಣ್ಮುಂದೆ ಬರುತ್ತಲ್ಲ, ಅದರ ಹಿಂದೆ ಈ ತಲೆಮಾರಿನ ಮೇಷ್ಟ್ರುಗಳಿದ್ದಾರೆ.

1858ರಲ್ಲಿ ಕಾಟನ್ ಕಲ್ಕತ್ತಾಗೆ ಬಿಷಪ್ ಆಗಿ ಬಂದ್ರು. 1859ರಲ್ಲಿ ಶಿಮ್ಲಾದಲ್ಲಿ, 1865ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಶಾಲೆಗಳು ಶುರುವಾದವು. ಬೆಂಗಳೂರಿನದು ಮೊದಲು ನಡೆದಿದ್ದು ಹೈಗ್ರೌಂಡ್ಸ್‌ನ ಒಂದು ಬಂಗಲೆಯಲ್ಲಿ. ಮರುವರ್ಷವೇ, 1866ರ ಅಕ್ಟೋಬರ್‌ನಲ್ಲಿ, ಈಗಿನ ಬಾಂಗ್ಲಾದೇಶದ ಕುಷ್ಟಿಯಾ ಹತ್ತಿರ ಹಲಗೆ ಮೇಲೆ ನಡೆದು ದೋಣಿ ಹತ್ತುವಾಗ ಕಾಲು ಜಾರಿ ನದಿಗೆ ಬಿದ್ದು ತೀರಿಕೊಂಡ್ರು. ದೇಹ ಕೂಡ ಸಿಗಲಿಲ್ಲ.

ನಮ್ಮಲ್ಲಿಗೆ ಬಂದ ಹೌಸ್ ಸ್ವಲ್ಪ ವಿಚಿತ್ರ ರೂಪಗಳನ್ನೂ ತಾಳ್ತು. 1875ರಲ್ಲಿ ಅಜ್ಮೇರ್‌ನ ಮೇಯೋ ಕಾಲೇಜು ಶುರುವಾಯ್ತು, ರಾಜಕುಮಾರರಿಗೆ. ಮೊದಲ ವಿದ್ಯಾರ್ಥಿ ಅಲ್ವರ್‌ನ ಮಂಗಲ್ ಸಿಂಗ್, ಆನೆ ಮೇಲೆ ಮೆರವಣಿಗೆಯಲ್ಲಿ ಬಂದ ಅಂತ ಕಥೆ. ಒಂದೊಂದು ಸಂಸ್ಥಾನ ತನ್ನ ಮಕ್ಕಳಿಗೆ ತಾನೇ ಹೌಸ್ ಕಟ್ಟಿಸ್ತು. ಜೈಪುರದ ಹುಡುಗ ಜೈಪುರ ಹೌಸಿಗೆ, ಜೋಧಪುರದವನು ಜೋಧಪುರ ಹೌಸಿಗೆ, ಆಳುಕಾಳು ಸಮೇತ. ಮನೆ ಬಿಟ್ಟು ಬಂದ ಹಾಗೇ ಇಲ್ಲ! 1935ರಲ್ಲಿ ಡೆಹ್ರಾಡೂನ್‌ನಲ್ಲಿ ಡೂನ್ ಸ್ಕೂಲ್ ತೆರೆದಾಗ ಈಟನ್‌ನಲ್ಲಿ ಮೇಷ್ಟ್ರಾಗಿದ್ದ ಆರ್ಥರ್ ಫುಟ್ ಹೆಡ್‌ಮಾಸ್ಟರ್. ಹೌಸ್‌ಗಳ ಹೆಸರು ಹೈದರಾಬಾದ್, ಕಾಶ್ಮೀರ, ಜೈಪುರ, ಟಾಟಾ. ಅಂದ್ರೆ ದುಡ್ಡು ಕೊಟ್ಟವರ ಹೆಸರು. ಆದ್ರೆ ಒಳಗಿನ ಹುಡುಗರು ಬೇರೆ ಬೇರೆ ಪ್ರಾಂತ್ಯ, ಬೇರೆ ಬೇರೆ ಧರ್ಮದವರು. ನನ್ನ ಪ್ರಕಾರ ಅದು ದೊಡ್ಡ ಬದಲಾವಣೆ.

ಹಾಗಾದ್ರೆ ಮನೆ ಕಳೆದುಹೋಗಿದ್ದು ಎಲ್ಲಿ? ಮತ್ತೆ ಇಂಗ್ಲೆಂಡಿಗೆ ಹೋಗಬೇಕು. 1902ರ ಶಿಕ್ಷಣ ಕಾಯ್ದೆ ಬಂದ ಮೇಲೆ ಅಲ್ಲಿ ಸರ್ಕಾರದ ನೆರವಿನ ಪ್ರೌಢಶಾಲೆಗಳು ಹೆಚ್ಚಾದವು. ಅವು ಡೇ ಸ್ಕೂಲುಗಳು, ಮಕ್ಕಳು ಸಂಜೆ ಮನೆಗೆ ಹೋಗ್ತಾರೆ. ಆದ್ರೆ ದೊಡ್ಡ ಶಾಲೆಗಳ ಹಾಗೆ ಕಾಣಬೇಕು ಅನ್ನೋ ಆಸೆ. ಸರಿ, ಹಾಸಿಗೆ ಇಲ್ಲ, ಊಟದ ಟೇಬಲ್ ಇಲ್ಲ, ಹೆಸರು ಮತ್ತು ಬಣ್ಣವನ್ನಾದ್ರೂ ತಗೊಳೋಣ ಅಂತಾಯ್ತು. ನಮ್ಮ ಡೇ ಸ್ಕೂಲುಗಳಲ್ಲಿ ಇರೋದೂ ಈ ಮಾದರಿಯೇ.

ಇದರಲ್ಲಿ ಒಳ್ಳೇದೇ ಇಲ್ಲ ಅಂತಲ್ಲ. ಕ್ಲಾಸ್ ಅನ್ನೋದು ಅಡ್ಡ ಗೆರೆ, ಒಂದೇ ವಯಸ್ಸಿನವರು. ಹೌಸ್ ಉದ್ದ ಗೆರೆ. ಐದನೇ ಕ್ಲಾಸಿನ ಹುಡುಗಿಗೆ ಹತ್ತನೇ ಕ್ಲಾಸಿನ ಅಕ್ಕ ಪರಿಚಯ ಆಗೋ ದಾರಿ ಶಾಲೆಯಲ್ಲಿ ಬೇರೆ ಎಲ್ಲಿದೆ? ಆದ್ರೆ ಬರೀ ಬಣ್ಣ ಏನು ಮಾಡುತ್ತೆ ಅನ್ನೋದಕ್ಕೆ ಒಂದು ಪ್ರಸಿದ್ಧ ಪ್ರಯೋಗ ಇದೆ. 1970ರ ಸುಮಾರಿಗೆ ಹೆನ್ರಿ ತಾಜ್‌ಫೆಲ್ ಅನ್ನೋ ಮನಶ್ಶಾಸ್ತ್ರಜ್ಞ ಬ್ರಿಸ್ಟಲ್‌ನಲ್ಲಿ 14-15 ವರ್ಷದ ಶಾಲಾ ಹುಡುಗರನ್ನ ಎರಡು ಗುಂಪು ಮಾಡಿದ್ರು. ನಿಮಗೆ ಪಾಲ್ ಕ್ಲೀ ಚಿತ್ರ ಇಷ್ಟ, ನಿಮಗೆ ಕ್ಯಾಂಡಿನ್‌ಸ್ಕಿ ಚಿತ್ರ ಇಷ್ಟ ಅಂತ ಹೇಳಿ. ನಿಜದಲ್ಲಿ ಹಂಚಿದ್ದು ಚೀಟಿ ಎತ್ತಿದ ಹಾಗೆ, ಮನಸ್ಸಿಗೆ ಬಂದಂತೆ. ತಮ್ಮ ಗುಂಪಲ್ಲಿ ಯಾರಿದ್ದಾರೆ ಅಂತಲೂ ಹುಡುಗರಿಗೆ ಗೊತ್ತಿಲ್ಲ. ಆಮೇಲೆ ದುಡ್ಡು ಹಂಚೋಕೆ ಹೇಳಿದ್ರು. ಎಲ್ಲರಿಗೂ ಹೆಚ್ಚು ಸಿಗೋ ದಾರಿ ಇತ್ತು. ಅದನ್ನ ಬಿಟ್ಟು, ತಮ್ಮ ಗುಂಪಿಗೇ ಸ್ವಲ್ಪ ಕಡಿಮೆ ಆದ್ರೂ ಪರವಾಗಿಲ್ಲ, ಆ ಗುಂಪಿಗಿಂತ ನಾವು ಮೇಲಿರಬೇಕು ಅನ್ನೋ ಕಡೆಗೆ ಹುಡುಗರ ಕೈ ವಾಲ್ತು!

ಅಂದ್ರೆ ಬಣ್ಣ ಕೊಟ್ಟ ಐದು ನಿಮಿಷಕ್ಕೆ ಎದುರಾಳಿ ಸಿಕ್ಕಿಬಿಡ್ತಾನೆ. ಗೆಳೆಯ ಸಿಗೋಕೆ ಅಷ್ಟು ಸಾಕಾಗಲ್ಲ. ಎಷ್ಟೋ ಡೇ ಸ್ಕೂಲುಗಳಲ್ಲಿ ಹೌಸ್ ಅನ್ನೋದು ವರ್ಷಕ್ಕೊಮ್ಮೆ ಸ್ಪೋರ್ಟ್ಸ್ ಡೇಗೆ ಎದ್ದು ಮತ್ತೆ ಮಲಗೋದು ಇದಕ್ಕೇ ಅನ್ಸುತ್ತೆ. ಓಡೋಕೆ ಬರೋ ನಾಲ್ಕು ಜನ ಓಡ್ತಾರೆ. ಉಳಿದವರು ಬಿಸಿಲಲ್ಲಿ ಕೂತು ಕೂಗ್ತಾರೆ. ನಾನು ಕೂಗೋರ ಪೈಕಿ. ನಾಲ್ಕು ವರ್ಷ ಒಂದೇ ಹೌಸಲ್ಲಿದ್ದೆ, ನನ್ನ ಹೌಸಿನ ಜೂನಿಯರ್ ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ. ಹ್ಯಾರಿ ಪಾಟರ್ ಓದಿ ಅಥವಾ ನೋಡಿ ಗ್ರಿಫಿಂಡರ್ ಆಗಬೇಕಿತ್ತು ಅಂತ ಆಸೆಪಟ್ಟವರು ಗಮನಿಸಿ, ಅಲ್ಲಿ ಪಾಯಿಂಟ್ಸ್ ಜೊತೆ ಒಂದೇ ಊಟದ ಟೇಬಲ್, ಒಂದೇ ಮಲಗೋ ಕೋಣೆನೂ ಇದೆ.

ಆ ಟೇಬಲ್, ಆ ಕೋಣೆ ನಮ್ಮ ದೇಶದಲ್ಲಿ ಸಾಮಾನ್ಯ ಮನೆಯ ಮಕ್ಕಳಿಗೂ ಸಿಕ್ಕಿದ್ದು ಹೇಗೆ? ವಿಜಯಪುರದ ಸೈನಿಕ ಶಾಲೆ ಒಂದು ಉದಾಹರಣೆ, 1963ರಲ್ಲಿ ಶುರುವಾಗಿದ್ದು. ಅಲ್ಲಿನ ಹೌಸ್‌ಗಳಿಗೆ ಕರ್ನಾಟಕ ಆಳಿದ ಮನೆತನಗಳ ಹೆಸರು: ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ, ಆದಿಲ್‌ಶಾಹಿ, ಒಡೆಯರ್. 1565ರ ತಾಳಿಕೋಟೆ ಯುದ್ಧದಲ್ಲಿ ಎದುರುಬದುರು ನಿಂತವರ ಹೆಸರು ಇಟ್ಕೊಂಡು ಅದೇ ಜಿಲ್ಲೆಯಲ್ಲಿ ಹುಡುಗರು ಮ್ಯಾಚ್ ಆಡ್ತಾರೆ. ನನಗೆ ಇದು ಭಾರಿ ಇಷ್ಟ.

ಇದಕ್ಕಿಂತ ದೊಡ್ಡ ಪ್ರಮಾಣದಲ್ಲಿ ಆಗಿದ್ದು ಜವಾಹರ್ ನವೋದಯ ವಿದ್ಯಾಲಯಗಳಲ್ಲಿ. 1985-86ರಲ್ಲಿ ಎರಡು ಶಾಲೆಗಳಿಂದ ಶುರುವಾಗಿ ಈಗ ದೇಶದಲ್ಲಿ ಆರುನೂರಕ್ಕೂ ಹೆಚ್ಚಿವೆ. ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ, ಕನಿಷ್ಠ ಶೇ. 75 ಸೀಟು ಹಳ್ಳಿ ಮಕ್ಕಳಿಗೆ. ಹೌಸ್‌ಗಳು ನಾಲ್ಕು: ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ. ಎಲ್ಲವೂ ಬೆಟ್ಟಗಳು. ರಾಜ ಇಲ್ಲ, ದಾನಿ ಇಲ್ಲ. ಜಾತಿಯ ಹೆಸರಿನ ಹಾಸ್ಟೆಲ್‌ಗಳಲ್ಲಿ ಮಕ್ಕಳು ಓದಿ ಬೆಳೆದ ನಮ್ಮಂಥ ರಾಜ್ಯದಲ್ಲಿ ಇದು ಸಣ್ಣ ವಿಷಯ ಅಲ್ಲ. ಹನ್ನೊಂದು ವರ್ಷದ ಮಗು ಟ್ರಂಕ್ ಇಳಿಸಿ, ಅಪ್ಪ ಅಮ್ಮ ಬಸ್ ಹತ್ತಿದ ಮೇಲೆ, ಮೊದಲ ರಾತ್ರಿ ಮಲಗೋದು ಹೌಸಲ್ಲೇ. ಪಕ್ಕದ ಹಾಸಿಗೆಯವನು ಯಾವ ಊರು, ಯಾವ ಜನ ಅಂತ ನೋಡಿ ಹಾಕಿದ್ದಲ್ಲ.

ಒಂಬತ್ತನೇ ಕ್ಲಾಸಲ್ಲಿ ಇನ್ನೊಂದು ತಿರುವು. ಶೇ. 30ರಷ್ಟು ಮಕ್ಕಳನ್ನ ಒಂದು ವರ್ಷಕ್ಕೆ ಹಿಂದಿ ರಾಜ್ಯದ ನವೋದಯಕ್ಕೆ ಕಳಿಸೋ ಯೋಜನೆ ಇದೆ, ಅಲ್ಲಿಯವರು ಇಲ್ಲಿಗೆ ಬರ್ತಾರೆ. ಭಾಷೆ ಬೇರೆ, ಸಾರಿನ ಬದಲು ದಾಲ್, ಚಳಿಗಾಲ ಅಂದ್ರೆ ನಿಜವಾದ ಚಳಿ. ಆದ್ರೆ ಗೋಡೆ ಮೇಲೆ ಬರೆದಿರೋ ನಾಲ್ಕು ಹೆಸರು ಅವೇ. ನಮ್ಮ ಕಡೆಯ ನೀಲಗಿರಿ ಬೆಟ್ಟದ ಹೆಸರು ಅಲ್ಲಿ ದೇವನಾಗರಿಯಲ್ಲಿ.

ನೀವು ನವೋದಯದವರಾಗಿದ್ದು, ಹಾಗೆ ಮೈಗ್ರೇಷನ್‌ಗೆ ಹೋಗಿ ಬಂದವರಾದ್ರೆ, ಆ ಮೊದಲ ವಾರ ಹೇಗಿತ್ತು ಅಂತ ಎರಡು ನಿಮಿಷದ ವಾಯ್ಸ್ ನೋಟ್ ಕಳಿಸಿ. ಒಳ್ಳೇದಿರಲಿ, ಕೆಟ್ಟದ್ದಿರಲಿ, ಇದ್ದ ಹಾಗೇ ಹೇಳಿ. ಮುಂದಿನ ಕಂತಲ್ಲಿ ಅವನ್ನೇ ಕೇಳಿಸ್ತೀನಿ.