ರತ್ನಗಂಬಳಿಯ ಕಲೆ: ತಿಕ್ಕುವುದಕ್ಕಿಂತ ಒತ್ತುವುದೇ ಮೇಲು

ಕಾಫಿ ಚೆಲ್ಲಿದ ಕೂಡಲೇ ಒದ್ದೆ ಬಟ್ಟೆ ತಂದು ಬಿರುಸಿನಿಂದ ತಿಕ್ಕುವುದು ಮನೆಗಳಲ್ಲಿ ಸಾಮಾನ್ಯ. ಆದರೆ ಕೈಯಿಂದ ಗಂಟು ಹಾಕಿ ನೇಯ್ದ ಕಾಶ್ಮೀರದ ರತ್ನಗಂಬಳಿಯ ಮಟ್ಟಿಗೆ ಕಲೆಗಿಂತಲೂ ಈ ತಿಕ್ಕಾಟವೇ ಹೆಚ್ಚು ಹಾನಿಕರ. ‘ತಾಲೀಮ್’ ಎಂಬ ಸಂಕೇತ ಬರಹವನ್ನು ನೋಡಿಕೊಂಡು ನೇಕಾರರು ಒಂದೊಂದೇ ಗಂಟು ಹಾಕುತ್ತಾ ಹೋಗುತ್ತಾರೆ. ದೊಡ್ಡ ಗಂಬಳಿಯೊಂದು ಮುಗಿಯಲು ಹಲವು ತಿಂಗಳುಗಳೇ ಬೇಕು. ಆ ಶ್ರಮವೆಲ್ಲ ಅರ್ಧ ಗಂಟೆಯ ತಪ್ಪು ಶುಚಿಕಾರ್ಯದಿಂದ ಹಾಳಾಗಬಲ್ಲುದು.

ನೂಲಿನ ಸ್ವಭಾವ

ಉಣ್ಣೆ ಮತ್ತು ರೇಷ್ಮೆ ನಮ್ಮ ತಲೆಗೂದಲಿನಂತೆಯೇ ಪ್ರೋಟೀನಿನಿಂದಾದ ಎಳೆಗಳು. ವಾಷಿಂಗ್ ಸೋಡಾದಂತಹ ಕ್ಷಾರ ವಸ್ತುಗಳು ಇವನ್ನು ದುರ್ಬಲಗೊಳಿಸುತ್ತವೆ. ಪ್ರೋಟೀನನ್ನು ಒಡೆಯುವ ಕಿಣ್ವಗಳಿರುವ ಬಟ್ಟೆ ಪುಡಿಗಳೂ ಸಲ್ಲವು. ಕ್ಲೋರಿನ್ ಬ್ಲೀಚ್ ಅಂತೂ ಉಣ್ಣೆಯನ್ನೇ ಕರಗಿಸಬಲ್ಲುದು. ಬಿಸಿನೀರು ಮತ್ತು ಉಜ್ಜುವಿಕೆ ಸೇರಿದರೆ ಉಣ್ಣೆ ಜಡೆಗಟ್ಟುತ್ತದೆ.

ಮೊದಲು ಬಣ್ಣದ ಪರೀಕ್ಷೆ

ಬಳಸಲಿರುವ ದ್ರಾವಣದಲ್ಲಿ ಬಿಳಿಯ ಹತ್ತಿ ಬಟ್ಟೆಯನ್ನು ಅದ್ದಿ ಹಿಂಡಿ, ಗಂಬಳಿಯ ಮೂಲೆಯೊಂದರಲ್ಲಿ ಪ್ರತಿ ಬಣ್ಣದ ಮೇಲೂ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ಬಟ್ಟೆಗೆ ಬಣ್ಣ ಅಂಟಿದರೆ ಅಲ್ಲಿಗೇ ನಿಲ್ಲಿಸಿ ಪರಿಣತರಿಗೆ ಒಪ್ಪಿಸುವುದು ಲೇಸು.

ಅನುಸರಿಸಬೇಕಾದ ಕ್ರಮ

* ಗಟ್ಟಿ ಪದಾರ್ಥ ಬಿದ್ದಿದ್ದರೆ ಚಮಚದಿಂದ ಮೆಲ್ಲಗೆ ಎತ್ತಿ ತೆಗೆಯಿರಿ.
* ಒಣಗಿದ ಬಿಳಿ ಬಟ್ಟೆಯಿಂದ ಕಲೆಯ ಅಂಚಿನಿಂದ ನಡುವಿಗೆ ಒತ್ತುತ್ತಾ ತೇವ ಹೀರಿಸಿ.
* ಉಣ್ಣೆ ಬಟ್ಟೆಗೆಂದೇ ಇರುವ ಸೌಮ್ಯ ದ್ರವ ಸಾಬೂನಿನ ಕೆಲವು ಹನಿಗಳನ್ನು ತಣ್ಣೀರಿಗೆ ಬೆರೆಸಿ, ಆ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒತ್ತಿ.
* ಸಾಬೂನಿನ ಅಂಶ ಉಳಿದರೆ ಧೂಳು ಅಂಟುತ್ತದೆ. ಆದ್ದರಿಂದ ಕೊನೆಗೆ ಬರಿಯ ನೀರಿನ ಬಟ್ಟೆಯಿಂದ ಒತ್ತಿ ತೆಗೆಯಿರಿ.

ಎಣ್ಣೆ ಬಿದ್ದಿದ್ದರೆ ನೀರಿಗೆ ಮೊದಲು ಕಾರ್ನ್‌ಫ್ಲೋರ್ ಉದುರಿಸಿ, ಕೆಲವು ಗಂಟೆಗಳ ನಂತರ ಹೀರಿಸಿ ತೆಗೆಯಬಹುದು. ಸಾಂಬಾರಿನ ಕಲೆಗೆ ಕ್ಷಾರಯುಕ್ತ ಸಾಬೂನು ಹಚ್ಚಿದರೆ ಅರಿಶಿನ ಕೆಂಪಾಗುತ್ತದೆ ಎಂಬುದು ನೆನಪಿರಲಿ. ರೇಷ್ಮೆ ಗಂಬಳಿಯಾದರೆ ತೇವ ಹೀರಿಸುವುದಷ್ಟೇ ಮನೆಯವರ ಕೆಲಸ.

ಒಣಗಿಸುವುದೂ ಮುಖ್ಯ

ಗಂಬಳಿಯ ತಳದ ಹಾಸುನೂಲು ಸಾಮಾನ್ಯವಾಗಿ ಹತ್ತಿಯದು. ತೇವ ಉಳಿದರೆ ಬೂಷ್ಟು ಹಿಡಿದು ಕೊಳೆಯುತ್ತದೆ. ಒದ್ದೆಯಾದ ಭಾಗವನ್ನು ಎತ್ತರಿಸಿಟ್ಟು, ಎರಡೂ ಬದಿಗೆ ಗಾಳಿಯಾಡುವಂತೆ ನೆರಳಿನಲ್ಲಿ ಒಣಗಿಸಬೇಕು. ಕಡುಬಿಸಿಲು ಬಣ್ಣವನ್ನು ಮಾಸಿಸುತ್ತದೆ.

ಇಷ್ಟಾದರೂ ಹಳೆಯ ಕಲೆ ಪೂರ್ತಿ ಹೋಗದಿರಬಹುದು. ಮಸುಕು ಕಲೆಯೊಂದಿಗೆ ರತ್ನಗಂಬಳಿ ತಲೆಮಾರುಗಟ್ಟಲೆ ಬಾಳಬಲ್ಲುದು; ಹರಡಿದ ಬಣ್ಣವನ್ನೂ ಸವೆದ ಎಳೆಯನ್ನೂ ಮೊದಲಿನಂತೆ ಮಾಡುವುದು ಸುಲಭವಲ್ಲ.